ಋಷಿಮೂಲ, ನದೀಮೂಲ ಮತ್ತು ಇನ್ನೊಂದು ಮೂಲ

ಋಷಿಮೂಲ, ನದೀಮೂಲ ಕೆದಕಬಾರದು ಅಂತ ಹಿರಿಯರು ಹೇಳಿದ್ದಾರೆ. ಇನ್ನೊಂದು ಮೂಲವನ್ನು ಅವರು ಹೆಸರಿಸಲೇ ಇಲ್ಲ. ಕೆದಕುವುದಿರಲಿ, ಬಾಯಿಬಿಟ್ಟು ಹೇಳುವುದೂ ಬೇಡ ಅಂದುಕೊಂಡಿರಬೇಕು. ಇವತ್ತು ನಾನು ಬರೆಯಹೊರಟಿರುವುದು ಆ ಮೂರನೆಯದರ ಬಗ್ಗೆಯೇ. ತಿಂಡಿ ತಟ್ಟೆ ಮುಂದಿಟ್ಟುಕೊಂಡು ಓದುತ್ತಿದ್ದರೆ ತಿಂದು ಮುಗಿಸಿ ಬನ್ನಿ. ನಾನು ಕಾಯ್ತೇನೆ.

ಎರಡು ವರ್ಷದ ಹಿಂದಿನ ಮಾತು. ಮನೆಯಿಂದಲೇ ಕೆಲಸ ಶುರುವಾದ ಮೇಲೆ ನನ್ನ ಪ್ರಪಂಚ ಊಟದ ಮೇಜಿನ ಒಂದು ಮರದ ಕುರ್ಚಿಗೆ ಬಂದು ನಿಂತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಎಂಟು. ನೀರು ಕುಡಿಯಲು ಎದ್ದರೆ ಮೀಟಿಂಗ್, ಎದ್ದು ಬಂದರೆ ಇನ್ನೊಂದು ಮೀಟಿಂಗ್. ಇಡೀ ದಿನದಲ್ಲಿ ನನ್ನದೇ ಅಂತ ಸಿಗುತ್ತಿದ್ದ ಏಕಾಂತ ಎಂದರೆ ಬೆಳಗಿನ ಆ ಇಪ್ಪತ್ತೈದು ನಿಮಿಷ. ಬಾಗಿಲು ಹಾಕಿಕೊಂಡು, ಮೊಬೈಲ್ ಹಿಡಿದು, ಕಮೋಡಿನ ಮೇಲೆ. ಬಂದ ಕೆಲಸ ಐದೇ ನಿಮಿಷಕ್ಕೆ ಮುಗಿದರೂ ಹೊರಗೆ ಹೋಗಲು ಮನಸ್ಸಿರುತ್ತಿರಲಿಲ್ಲ. ಹೊರಗೆ ಮಗ, ಕುಕ್ಕರ್, ಆಫೀಸು.

ಒಂದು ಸೋಮವಾರ ಎದ್ದು ನೋಡಿದರೆ ಬಿಳಿ ಕಮೋಡಿನಲ್ಲಿ ಕೆಂಪು. ನೋವಿಲ್ಲ, ಉರಿಯಿಲ್ಲ, ಬರೀ ಕೆಂಪು. ಕೈಕಾಲು ತಣ್ಣಗಾಯಿತು. ಫ್ಲಶ್ ಮಾಡಿ, ಮುಖ ತೊಳೆದು, ಹೊರಗೆ ಬಂದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ.

ಮೂರು ವಾರ ಯಾರಿಗೂ ಹೇಳಲಿಲ್ಲ. ಮುಖ ಬಾಡಿದ್ದು ನೋಡಿ ನಮ್ಮನೆಯವರು "ಏನಾಯ್ತು?" ಅಂತ ಕೇಳಿದರೆ "ಸ್ವಲ್ಪ ಉಷ್ಣ ಆಗಿದೆ" ಅಂದೆ. ಪಾಪ, ಆ ಮನುಷ್ಯ ಸಂಜೆ ಎರಡು ಎಳನೀರು ತಂದರು. ಉಷ್ಣ ಅನ್ನೋ ಪದ ನಮ್ಮ ಕನ್ನಡಿಗರಿಗೆ ಎಷ್ಟು ಉಪಕಾರ ಮಾಡಿದೆ ನೋಡಿ. ಬಾಯಿಹುಣ್ಣಿಗೂ ಉಷ್ಣ, ಉರಿಮೂತ್ರಕ್ಕೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ. ಹಾಗಂದುಬಿಟ್ಟರೆ ಮುಂದೆ ಯಾರೂ ಕೇಳುವುದಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು ಸುಮ್ಮನಾಗುತ್ತಾರೆ.

ನಾಲ್ಕನೇ ವಾರ ಅದು ಸುಮ್ಮನಿರಲಿಲ್ಲ. ಒಂದು ರಾತ್ರಿ ಅಲ್ಲಿ ಕಡಲೆಬೀಜದಷ್ಟು ಗಾತ್ರದ ಒಂದು ಗಂಟು ಬಂತು. ಕೂರಲಾಗದು, ನಿಲ್ಲಲಾಗದು, ಮಗ್ಗುಲಾದರೂ ಚುಚ್ಚುತ್ತದೆ. ಬೆಳಿಗ್ಗೆ ಮೆಡಿಕಲ್ ಶಾಪಿಗೆ ಹೋಗಿ, ಸುತ್ತ ಯಾರೂ ಇಲ್ಲದ ಹೊತ್ತು ನೋಡಿ, ಪಿಸುದನಿಯಲ್ಲಿ ಕೇಳಿದೆ. ಅಂಗಡಿಯವನು ಒಳಗಿನ ಹುಡುಗನಿಗೆ "ಲೋ, ಪೈಲ್ಸ್ ಕ್ರೀಮ್ ಎಲ್ಲಿಟ್ಟಿದೀಯೋ? ಮೇಡಂ ನಿಂತಿದಾರೆ!" ಅಂತ ಕೂಗಿದ. ಪಕ್ಕದ ತರಕಾರಿ ಗಾಡಿಯವಳು ತಿರುಗಿ ನೋಡಿದಳು. ಅವಳ ಹತ್ತಿರ ಒಂದು ತಿಂಗಳು ಸೊಪ್ಪು ಕೊಳ್ಳಲಿಲ್ಲ ನಾನು. ಸೊಪ್ಪೇ ಔಷಧ ಅಂತ ಆಮೇಲೆ ಗೊತ್ತಾಗಿದ್ದು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಸರ್ಜನ್ನು, ಹೆಂಗಸು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಎಡಮಗ್ಗುಲಾಗಿ ಮಲಗಿ ಮಂಡಿ ಮಡಚಿಕೊಳ್ಳಿ ಅಂದರು. ಪರೀಕ್ಷೆ ಎರಡು ನಿಮಿಷವೂ ಆಗಲಿಲ್ಲ. ಆ ಎರಡು ನಿಮಿಷಕ್ಕೆ ಹೆದರಿ ನಾನು ಒಂದು ತಿಂಗಳು ಕಳೆದಿದ್ದೆ.

ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ರಕ್ತನಾಳಗಳ ಮೆತ್ತೆಗಳು ಅಲ್ಲಿ ಎಲ್ಲರಿಗೂ ಇರುತ್ತವಂತೆ. ದ್ವಾರ ಸರಿಯಾಗಿ ಮುಚ್ಚಿಕೊಳ್ಳಲು ದೇವರು ಇಟ್ಟಿರುವ ವಾಷರ್ ಅಂದುಕೊಳ್ಳಿ. ಮಲಬದ್ಧತೆಯಿಂದ ಮುಕ್ಕಿ ಮುಕ್ಕಿ, ಕಮೋಡಿನ ಮೇಲೆ ಗಂಟೆಗಟ್ಟಲೆ ಕೂತು, ಬಸುರಿಯಾಗಿದ್ದಾಗಿನ ಒತ್ತಡಕ್ಕೆ, ಆ ಮೆತ್ತೆಗಳು ಊದಿಕೊಂಡು ಜಾರಿದರೆ ಅದಕ್ಕೆ ಮೂಲವ್ಯಾಧಿ ಅಂತ ಹೆಸರು. ಒಳಗಿನವು ನೋಯುವುದಿಲ್ಲ, ಆ ಜಾಗಕ್ಕೆ ನೋವು ತಿಳಿಯುವ ನರಗಳಿಲ್ಲ, ಹಾಗಾಗಿ ಬರೀ ರಕ್ತ ಹೋಗುತ್ತದೆ. ಹೊರಗಿನದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವ ಹೋಗುವ ನೋವು. ನನಗೆ ಎರಡೂ ಇತ್ತು. ಮಲ ಹೋಗುವಾಗ ಗಾಜಿನ ಚೂರು ಕೊಯ್ದ ಹಾಗೆ ಆದರೆ ಅದು ಹೆಚ್ಚಾಗಿ ಬಿರುಕು, ಫಿಶರ್. ಜನ ಅದನ್ನೂ ಪೈಲ್ಸ್ ಅಂತಲೇ ಕರೆದು ಸಿಕ್ಕಿದ್ದು ಹಚ್ಚುತ್ತಾರೆ ಅಂದರು.

"ಗಂಟು ತಾನಾಗೇ ಇಳಿಯುತ್ತೆ. ಎರಡು ಮೂರು ದಿನ ನೋವು ಜಾಸ್ತಿ, ಆಮೇಲೆ ಕಡಿಮೆ. ಮನೇಲಿ ಯಾರಿಗಾದ್ರೂ ಇದೆಯಾ?"

"ಇಲ್ಲ ಡಾಕ್ಟ್ರೇ."

"ಇಲ್ವೋ, ಯಾರೂ ಹೇಳಿಲ್ವೋ?"

ನಗು ಬಂತು. ಆಗ ನೆನಪಾಯಿತು. "ಅಮ್ಮನ ಅಪ್ಪ, ತೀರ್ಥಹಳ್ಳಿ ಅಜ್ಜ, ಮೂಲವ್ಯಾಧಿಯಿಂದಲೇ ತೀರಿಕೊಂಡಿದ್ದು ಅಂತಾರೆ" ಅಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಎಷ್ಟು ವಯಸ್ಸಿತ್ತು?"

"ಐವತ್ತಾರು."

"ಕೊನೇಲಿ ತೂಕ ಇಳಿದಿತ್ತಾ? ಊಟ ಸೇರ್ತಿರಲಿಲ್ವಾ?"

ಅಜ್ಜನನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಆದರೆ ಕೊನೆಯ ವರ್ಷ ಅವರು ಕಡ್ಡಿಯಾಗಿಬಿಟ್ಟಿದ್ದರು ಅನ್ನೋದು ಮನೆಯಲ್ಲಿ ಎಲ್ಲರೂ ಹೇಳುವ ಮಾತು. ಹಾಗಂತ ಹೇಳಿದೆ.

"ಮೂಲವ್ಯಾಧಿಯಿಂದ ಜನ ಹಾಗೆ ಸಾಯೋದಿಲ್ಲ ಕಣ್ರೀ" ಅಂದರು ಡಾಕ್ಟರು ಮೆಲ್ಲಗೆ. "ಅದು ಏನಿತ್ತೋ ಈಗ ಹೇಳೋಕಾಗಲ್ಲ. ನಿಮ್ಮ ತಾಯಿಗೆ ಒಮ್ಮೆ ಕೇಳಿ, ಅವರಿಗೆ ಯಾವತ್ತಾದ್ರೂ ರಕ್ತ ಹೋಗಿದೆಯಾ ಅಂತ."

ಆವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಮೊದಲು ನನ್ನ ಕಥೆ ಹೇಳಿದೆ, ಮೆಡಿಕಲ್ ಶಾಪಿನ ಸಮೇತ. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಆ ಕಡೆಯಿಂದ ಗೋಡೆ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು.

"ನಂಗೂ ಇದೆ ಮಾರಾಯ್ತಿ" ಅಂದಳು.

"ಯಾವಾಗಿಂದ?"

"ನೀನು ಹುಟ್ಟಿದಾಗಿಂದ."

ನನಗಾಗ ಮೂವತ್ತೆಂಟು. ನನ್ನ ವಯಸ್ಸೇ ಅದರ ವಯಸ್ಸು!

ಆಮೇಲೆ ಒಂದೊಂದೇ ಹೊರಬಂತು. ಅಮ್ಮ ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಜನ. ಪಾಯಿಖಾನೆ ಒಂದೇ, ಹಿತ್ತಲಲ್ಲಿ, ಕೊಟ್ಟಿಗೆಯ ಆಚೆ. ಬೆಳಕು ಹರಿದ ಮೇಲೆ ಗಂಡಸರ ಸರದಿ. ಹಾಗಾಗಿ ಹೆಂಗಸರು ನಾಲ್ಕೂವರೆಗೆ ಕತ್ತಲಲ್ಲೇ ಹೋಗಿಬರಬೇಕು. ಆಗ ಬರಲಿಲ್ಲವೋ, ಹಾಲು ಕರೆದು, ದೋಸೆ ಹೊಯ್ದು, ಎಲ್ಲರೂ ತೋಟಕ್ಕೆ ಹೋದ ಮೇಲೆ. ಅಷ್ಟರಲ್ಲಿ ಬಂದದ್ದೂ ಹೋಗಿರುತ್ತಿತ್ತು. ಹೀಗೆ ತಡೆದು ತಡೆದು ಗಟ್ಟಿಯಾದ ಹೊಟ್ಟೆ, ಮೇಲೆ ಎರಡು ಹೆರಿಗೆ. "ಕತ್ತಲೇಲಿ ಬಣ್ಣ ಯಾರು ನೋಡ್ತಾರೆ? ಸೀರೆಗೆ ಆದಾಗಲೇ ಗೊತ್ತಾಗಿದ್ದು" ಅಂದಳು.

ಸೀರೆ ಅಂದಾಗ ನನಗೆ ಏನೋ ಹೊಳೆಯಿತು. ನನ್ನ ಮೊದಲ ಸಂಬಳದಲ್ಲಿ ಅಮ್ಮನಿಗೆ ಹಾಲುಬಣ್ಣದ ಒಂದು ಕಾಟನ್ ಸೀರೆ ತಂದುಕೊಟ್ಟಿದ್ದೆ. ಒಂದು ದಿನವೂ ಉಡಲಿಲ್ಲ. ಬಣ್ಣ ಇಷ್ಟ ಆಗಲಿಲ್ಲವೇನೋ ಅಂತ ಒಳಗೊಳಗೇ ಬೇಜಾರು ಮಾಡಿಕೊಂಡಿದ್ದೆ. ಅಮ್ಮ ಉಡುತ್ತಿದ್ದುದೆಲ್ಲ ಕಂದು, ಕಡುನೀಲಿ, ಮೆರೂನ್. ಅದು ಅವಳ ಅಭಿರುಚಿ ಅಂತ ಇಷ್ಟು ವರ್ಷ ತಿಳಿದಿದ್ದೆ.

ಇನ್ನೊಂದೂ ಹೊಳೆಯಿತು. ಹಿಂದಿನ ವರ್ಷ ತಮ್ಮನ ಮನೆ ಒಕ್ಕಲಿನಲ್ಲಿ ಅಮ್ಮ ತಲೆ ತಿರುಗಿ ಬಿದ್ದಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.8. ಹನ್ನೆರಡಾದರೂ ಇರಬೇಕಾದದ್ದು. "ಊಟ ಸರಿಯಾಗಿ ಮಾಡಲ್ಲ ಇವರು" ಅಂತ ಎಲ್ಲರೂ ಬೈದೆವು. ಅಲ್ಲಿನ ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಕಬ್ಬಿಣದ ಮಾತ್ರೆಗೆ ಒಂದು ಗುಣವಿದೆ, ಅದು ಹೊಟ್ಟೆ ಕಟ್ಟಿಸುತ್ತದೆ. ಹೊಟ್ಟೆ ಕಟ್ಟಿದರೆ ಮುಕ್ಕಬೇಕು, ಮುಕ್ಕಿದರೆ ರಕ್ತ, ರಕ್ತ ಹೋದರೆ ಮತ್ತೆ ಮಾತ್ರೆ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ರಕ್ತ ಎಲ್ಲಿಂದಾದರೂ ಹೋಗ್ತಿದೆಯಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಅಮ್ಮ, ಪಕ್ಕದಲ್ಲಿ ಅಪ್ಪ ಮತ್ತು ತಮ್ಮ ನಿಂತಿರುವಾಗ, ಏನು ಹೇಳುತ್ತಿದ್ದಳು? ಉಷ್ಣ ಅನ್ನುತ್ತಿದ್ದಳು.

ಅಮ್ಮ ಕೈಕಟ್ಟಿ ಕೂತಿದ್ದಳು ಅಂತಲ್ಲ. ಅವಳದೇ ವೈದ್ಯ ನಡೆದಿತ್ತು. ವಾರಕ್ಕೊಮ್ಮೆ ಸುವರ್ಣಗಡ್ಡೆ ಪಲ್ಯ, ಹುಣಸೆಹುಳಿಯಲ್ಲಿ ಬೇಯಿಸಿದ್ದು. ದಿನಕ್ಕೆ ಮೂರು ಸಲ ಮಜ್ಜಿಗೆ. ಮುಟ್ಟಿದರೆ ಮುನಿ ಗಿಡ ಅರೆದು ಹಾಲಿನಲ್ಲಿ. ಇದರಲ್ಲಿ ಹಳೆಯ ತಿಳಿವಳಿಕೆ ಇಲ್ಲದಿಲ್ಲ. ಆಯುರ್ವೇದದಲ್ಲಿ ಸುವರ್ಣಗಡ್ಡೆಗೆ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಅಂತಲೇ ಹೆಸರು. ಚರಕಸಂಹಿತೆ ಈ ರೋಗಕ್ಕೆ ಮಜ್ಜಿಗೆಯನ್ನು ಹೊಗಳುತ್ತದೆ. ಸುಶ್ರುತನಂತೂ ಇದನ್ನು ಎಂಟು ಮಹಾರೋಗಗಳ ಪಟ್ಟಿಯಲ್ಲಿಟ್ಟು ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ಚಿಕಿತ್ಸೆ ಹೇಳಿದ್ದಾನೆ. ಆದರೆ ಚಿಕಿತ್ಸೆಗೆ ಮೊದಲು ವೈದ್ಯ ನೋಡಬೇಕು. ನೋಡಬೇಕಾದರೆ ರೋಗಿ ಬಾಯಿ ಬಿಡಬೇಕು. ನಮ್ಮನೆಯಲ್ಲಿ ಗಡ್ಡೆ ಇತ್ತು, ಮಜ್ಜಿಗೆ ಇತ್ತು, ಬಾಯಿ ಇರಲಿಲ್ಲ.

ಮಾರನೇ ದಿನ ಡಾಕ್ಟರಿಗೆ ಇದೆಲ್ಲ ಹೇಳಿದೆ. ಅರವತ್ತೆರಡು ವಯಸ್ಸು, ರಕ್ತಹೀನತೆ, ತಂದೆಯದು ಆ ಥರ ಸಾವು. "ಪೈಲ್ಸೇ ಇರಬಹುದು. ಆದ್ರೆ ಪೈಲ್ಸೇ ಅಂತ ಅಂದುಕೊಂಡು ಸುಮ್ಮನಿರೋ ಹಾಗಿಲ್ಲ. ಕೊಲೊನೋಸ್ಕೋಪಿ ಮಾಡಿಸಿ, ತಡ ಮಾಡಬೇಡಿ" ಅಂದರು.

ಶಿವಮೊಗ್ಗದಲ್ಲಿ ಮಾಡಿಸುವುದು ಅಂತಾಯಿತು. ನಾನು ರಾತ್ರಿ ರೈಲಿಗೆ ಹೊರಟೆ. ಗಂಟು ಇಳಿದಿತ್ತು, ಕೂರಲು ಪೂರ್ತಿ ಧೈರ್ಯವಿರಲಿಲ್ಲ. ಅರ್ಧ ದಾರಿ ಬಾಗಿಲ ಹತ್ತಿರ ನಿಂತು, ಅಜ್ಜನ ಫೋಟೋ ನೆನೆಸಿಕೊಳ್ಳುತ್ತಾ ಹೋದೆ. ಐವತ್ತಾರು.

ಅಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಈ ವಯಸ್ಸಲ್ಲಿ ಎಲ್ಲಾ ಬಿಚ್ಚಿ ತೋರ್ಸೋದಾ? ಗಂಡಸು ಡಾಕ್ಟರಂತೆ!" ಅಂತ ರಂಪ. ನಾನು, "ನಿನ್ನ ಮಗಳು ಹೋದ ವಾರ ತೋರಿಸಿ ಬಂದಳು, ಆಕಾಶ ಬೀಳಲಿಲ್ಲ" ಅಂದೆ. ಅದಕ್ಕೇ ಒಪ್ಪಿದಳೋ, ನನ್ನ ಮುಖದಲ್ಲಿದ್ದ ಹೆದರಿಕೆ ನೋಡಿ ಒಪ್ಪಿದಳೋ ಗೊತ್ತಿಲ್ಲ.

ಪರೀಕ್ಷೆಗೆ ಕೆಲವು ದಿನ ಮೊದಲೇ ಕಬ್ಬಿಣದ ಮಾತ್ರೆ ನಿಲ್ಲಿಸಿದರು. ಹಿಂದಿನ ರಾತ್ರಿ ಕರುಳು ತೊಳೆಯಲು ಒಂದು ಪುಡಿ ಕೊಡ್ತಾರೆ. ನೀರಿಗೆ ಹಾಕಿ ಲೀಟರುಗಟ್ಟಲೆ ಕುಡಿಯಬೇಕು, ಉಪ್ಪುಪ್ಪು, ಸಿಹಿಸಿಹಿ, ವಾಕರಿಕೆ. ಅಮ್ಮ ರಾತ್ರಿಯಿಡೀ ಓಡಾಡಿದಳು. ಹದಿನಾಲ್ಕನೇ ಸಲ ಬಂದು ಮಂಚದ ಮೇಲೆ ಕೂತು, "ಮೂವತ್ತೆಂಟು ವರ್ಷದ ಬಾಕಿ ಒಂದೇ ರಾತ್ರಿ ತೀರ್ತು ಕಣೇ" ಅಂದಳು. ಇಬ್ಬರೂ ನಕ್ಕೆವು. ಈ ವಿಷಯದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಪರೀಕ್ಷೆ ಅಮ್ಮನಿಗೆ ಗೊತ್ತೇ ಆಗಲಿಲ್ಲ, ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರು. ಡಾಕ್ಟರು ಹೊರಗೆ ಕರೆದು ಹೇಳಿದರು, "ಪೈಲ್ಸ್ ಇದೆ, ದೊಡ್ಡದೇ ಇದೆ, ರಕ್ತ ಹೋಗ್ತಿದ್ದದ್ದು ಅದರಿಂದಲೇ ಇರಬೇಕು. ಆದ್ರೆ ಮೇಲೆ ದೊಡ್ಡ ಕರುಳಲ್ಲಿ ಒಂದು ಪಾಲಿಪ್ ಇತ್ತು. ಒಂದು ಸೆಂಟಿಮೀಟರ್. ತಂತಿ ಕುಣಿಕೆ ಹಾಕಿ ತೆಗೆದಿದೀವಿ. ಬಯಾಪ್ಸಿಗೆ ಕಳಿಸ್ತೀವಿ."

ರಿಪೋರ್ಟ್ ಬರಲು ಎಂಟು ದಿನ ಬೇಕಾಯಿತು. ಆ ಎಂಟು ದಿನ ಹೇಗಿದ್ದವು ಅಂತ ಹೆಚ್ಚು ಬರೆಯಲಾರೆ. ಅಮ್ಮ ಎಂದಿನಂತೆ ಹೂ ಕೊಯ್ದಳು, ಅಡಿಕೆ ಸುಲಿಯುವವರಿಗೆ ಚಹಾ ಮಾಡಿಕೊಟ್ಟಳು. ಅಪ್ಪ ಮಾತ್ರ ಒಂದು ಸಂಜೆ ಜಗಲಿಯಲ್ಲಿ ಕೂತವರು ಇದ್ದಕ್ಕಿದ್ದ ಹಾಗೆ, "ನಂಗೊಂದು ಮಾತು ಹೇಳಬಾರದಿತ್ತಾ ಅವಳು?" ಅಂದರು. "ನೀವು ಕೇಳಬಾರದಿತ್ತಾ?" ಅನ್ನೋದು ನಾಲಿಗೆ ತುದಿವರೆಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಒಂಬತ್ತನೇ ದಿನ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟಿದ್ದರೆ ಎಷ್ಟೋ ವರ್ಷಗಳ ಮೇಲೆ ಹಾಗೆ ತಿರುಗಬಹುದಾಗಿದ್ದ ಜಾತಿಯದು. ಮೂರು ವರ್ಷಕ್ಕೆ ಮತ್ತೊಮ್ಮೆ ನೋಡಿಸಬೇಕು. "ನೀವೂ ನಿಮ್ಮ ತಮ್ಮನೂ ನಲವತ್ತಕ್ಕೆ ಒಮ್ಮೆ ಮಾಡಿಸಿಬಿಡಿ" ಅಂದರು. ಅಜ್ಜನದು ಏನಿತ್ತು ಅನ್ನೋದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅವರ ಕಾಲದಲ್ಲಿ ಈ ಪರೀಕ್ಷೆ ಅವರ ಕೈಗೆ ಸಿಗುತ್ತಿರಲಿಲ್ಲ. ಆದರೆ ಕಂಡದ್ದಕ್ಕೆಲ್ಲ ಮೂಲವ್ಯಾಧಿ ಅಂತ ಹೆಸರಿಟ್ಟು, ಅದನ್ನೂ ಬಾಯಲ್ಲಿ ಹೇಳದೆ ಮುಚ್ಚಿಡುವ ಅಭ್ಯಾಸ ಅವರಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಳುವಳಿಯಾಗಿ ಬಂದಿತ್ತು.

ಅಮ್ಮನ ಮೂಲವ್ಯಾಧಿಗೆ ಆಪರೇಷನ್ ಬೇಕಾಗಲಿಲ್ಲ. ಒಳಗಿನ ಮೊಳಕೆಯ ಬುಡಕ್ಕೆ ಒಂದು ಚಿಕ್ಕ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಹರಿಯುವುದು ನಿಂತು, ಅದು ಒಣಗಿ, ಒಂದು ವಾರ ಹತ್ತು ದಿನದಲ್ಲಿ ಉದುರಿ ಹೋಗುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿದರು. ಹಾಕಿದ ದಿನ ಸ್ವಲ್ಪ ಭಾರ, ಜಗ್ಗಿದ ಹಾಗೆ, ಅಷ್ಟೇ. ಕಬ್ಬಿಣವನ್ನು ಮಾತ್ರೆ ಬದಲು ಡ್ರಿಪ್ಪಿನಲ್ಲಿ ಕೊಟ್ಟರು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.2. "ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು, ವಯಸ್ಸಾಯ್ತು ಅಂದ್ಕೊಂಡಿದ್ದೆ" ಅಂದಳು ಅಮ್ಮ.

ನನಗೆ ಅದೂ ಬೇಕಾಗಲಿಲ್ಲ. ಅಭ್ಯಾಸ ಬದಲಿಸಿದ್ದಕ್ಕೇ ಹತೋಟಿಗೆ ಬಂತು. ಯಾರಿಗಾದರೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ, ನಿಮ್ಮ ಡಾಕ್ಟರನ್ನು ಬಿಟ್ಟು ನನ್ನ ಮಾತು ಕೇಳಿ ಅಂತಲ್ಲ.

ಮೊದಲನೆಯದು, ಮೊಬೈಲ್ ಪಾಯಿಖಾನೆಯ ಹೊರಗೆ. ಐದು ನಿಮಿಷದಲ್ಲಿ ಆಗಲಿಲ್ಲವೋ, ಎದ್ದು ಬರುವುದು, ಮತ್ತೆ ಬಂದಾಗ ಹೋಗುವುದು. ಬಂದಾಗ ಮಾತ್ರ ಮೀಟಿಂಗಿದ್ದರೂ ತಡೆಯಬಾರದು. ಎರಡನೆಯದು, ಕಮೋಡಿನ ಮುಂದೆ ಕಾಲಿಡಲು ಒಂದು ಮಣೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಕುಕ್ಕರಗಾಲಲ್ಲಿ ಕೂತಷ್ಟು ಸಲೀಸು, ಮುಕ್ಕುವ ಕೆಲಸವಿಲ್ಲ. ಅಮ್ಮನ ಮನೆಯ ಹಳೇ ಊಟದ ಮಣೆಯೊಂದನ್ನು ಬೆಂಗಳೂರಿಗೆ ತಂದಿದ್ದೇನೆ. ಅದರ ಹೊಸ ಉದ್ಯೋಗ ಅಪ್ಪನಿಗೆ ಗೊತ್ತಿಲ್ಲ.

ಮೂರನೆಯದು ನಾರು. ದಿನಕ್ಕೆ 25ರಿಂದ 30 ಗ್ರಾಂ ಬೇಕಂತೆ. ಒಂದು ಬಟ್ಟಲು ಬಿಳಿ ಅನ್ನದಲ್ಲಿ ಒಂದು ಗ್ರಾಂ ಸಿಗುವುದೂ ಕಷ್ಟ. ನಾನು ಮೂರು ಹೊತ್ತೂ ತಿನ್ನುತ್ತಿದ್ದದ್ದು ಅದೇ ಅಕ್ಕಿ, ಇಡ್ಲಿ, ದೋಸೆ, ಅನ್ನ ಅಂತ ಮೂರು ವೇಷದಲ್ಲಿ. ಈಗ ರಾಗಿ, ಹೆಸರುಕಾಳು, ಸೀಬೆಹಣ್ಣು, ಬಸಳೆ. ಒಮ್ಮೆಗೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನಕ್ಕೆ ಏರಿಸಬೇಕು. ರಾತ್ರಿ ಎರಡು ಚಮಚ ಇಸಬ್ಗೋಲು ದೊಡ್ಡ ಲೋಟ ನೀರಿನಲ್ಲಿ. ನೀರು ಕಡಿಮೆ ಮಾಡಿದರೆ ಅದೇ ಗಟ್ಟಿಯಾಗಿ ಕೂರುತ್ತದೆ.

ನೋವಿದ್ದ ದಿನಗಳಲ್ಲಿ ಜೀವ ಉಳಿಸಿದ್ದು ಬಿಸಿನೀರು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು, ದಿನಕ್ಕೆ ಎರಡು ಮೂರು ಸಲ. ಟಬ್ ತರಲು ಹೋದಾಗ ಅಂಗಡಿಯ ಹುಡುಗಿ, "ಪಾಪುಗೆ ಎಷ್ಟು ತಿಂಗಳು ಮೇಡಂ?" ಅಂದಳು. "ನಂಗೇ ಕಣಮ್ಮ, ಪೈಲ್ಸ್‌ಗೆ" ಅಂದೆ. ಅವಳು ಕಣ್ಣು ಮಿಟುಕಿಸಲಿಲ್ಲ. "ನಮ್ಮಮ್ಮಂಗೂ ಇದೆ, ಇದು ಚಿಕ್ಕದಾಗುತ್ತೆ, ಆ ನೀಲಿದು ತಗೊಳ್ಳಿ" ಅಂದಳು.

ಕರೆಂಟ್ ಕಂಬಗಳ ಮೇಲೆ "ಆಪರೇಷನ್ ಇಲ್ಲದೆ, ಒಂದೇ ಇಂಜೆಕ್ಷನ್ನಿನಲ್ಲಿ ಗುಣ" ಅನ್ನುವ ಬೋರ್ಡುಗಳಿಗೆ ಯಾಕೆ ಅಷ್ಟು ಗಿರಾಕಿ ಅಂತ ಈಗ ಅರ್ಥವಾಗುತ್ತದೆ. ಅಲ್ಲಿ ಹೆಸರು ಬರೆಸಬೇಕಿಲ್ಲ, ಯಾರೂ ನೋಡುವುದಿಲ್ಲ. ನಾಚಿಕೆಯಿಂದ ಅಲ್ಲಿಗೆ ಹೋಗಿ ಕೀವಾಗಿಸಿಕೊಂಡು ಬಂದವರು ನಮ್ಮ ಪರಿಚಯದಲ್ಲೇ ಇದ್ದಾರೆ.

1978ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಮೂಲವ್ಯಾಧಿ ಕೆರಳಿ ಅಂದಿನ ಭೇಟಿಗಳನ್ನೆಲ್ಲ ರದ್ದು ಮಾಡಿದ್ದರು. ಕಾರಣ ಸಮೇತ ಸುದ್ದಿ ಪೇಪರುಗಳಲ್ಲಿ ಬಂತು. ಅಮ್ಮನಿಗೆ ಇದನ್ನು ಹೇಳಿದೆ. ಅಷ್ಟು ದೊಡ್ಡ ದೇಶದ ಯಜಮಾನನ ಸುದ್ದಿ ಊರಿಗೆಲ್ಲ ಗೊತ್ತಾಯಿತು, ನಿನ್ನದು ಒಂದೇ ಮಂಚದಲ್ಲಿ ಮಲಗುವ ಅಪ್ಪನಿಗೂ ಗೊತ್ತಾಗಲಿಲ್ಲ ನೋಡು ಅಂತ. ಅಮ್ಮ ಸ್ವಲ್ಪ ಯೋಚಿಸಿ, "ಅವನಿಗೆ ಅತ್ತೆ ಇದ್ದಿರಲಿಕ್ಕಿಲ್ಲ ಬಿಡು" ಅಂದಳು.

ಹೋದ ತಿಂಗಳು ಊರಲ್ಲೊಂದು ಮದುವೆ. ಊಟ ಮುಗಿದ ಮೇಲೆ ಹೆಂಗಸರೆಲ್ಲ ಹಿಂದಿನ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ಚಿಕ್ಕಮ್ಮ ಒಬ್ಬರು ಸುಸ್ತು, ತಲೆಸುತ್ತು ಅಂತ ಹೇಳುತ್ತಾ, "ಏನಿಲ್ಲ, ಸ್ವಲ್ಪ ಉಷ್ಣ" ಅಂದರು. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿ ಕೇಳಿದಳು, "ಕೆಂಪು ಹೋಗ್ತದಾ?"

ಜಗಲಿ ಗಪ್ಪಾಯಿತು. ಚಿಕ್ಕಮ್ಮ ನೆಲ ನೋಡಿದರು. ಆಮೇಲೆ ಹೌದು ಅನ್ನುವಂತೆ ಒಂದೇ ಒಂದು ಸಲ ತಲೆ ಆಡಿಸಿದರು. ಅಮ್ಮ ಅವರ ಹತ್ತಿರ ಸರಿದು ಕೂತಳು. "ಮಜ್ಜಿಗೆ ಕುಡಿ, ಬೇಡ ಅನ್ನಲ್ಲ. ಆದ್ರೆ ಸೋಮವಾರ ನನ್ನ ಜೊತೆ ಶಿವಮೊಗ್ಗಕ್ಕೆ ಬಾ" ಅಂದಳು.

ನನಗೂ ಅಮ್ಮನಿಗೂ ದಿನಾ ಬೆಳಿಗ್ಗೆ ಫೋನಿನ ಮಾತು ಇದ್ದೇ ಇದೆ. ಮೊದಲೆಲ್ಲ ಅವಳ ಮೊದಲ ಪ್ರಶ್ನೆ "ತಿಂಡಿ ಆಯ್ತಾ?" ಅಂತಿತ್ತು. ಈಗ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇರುತ್ತದೆ. ಸ್ಪೀಕರ್ ಆನ್ ಇದೆಯೋ ಇಲ್ಲವೋ ಅಂತಲೂ ನೋಡುವುದಿಲ್ಲ.